ಓರೆ ಬೆಳಕಿನ ಫೋಟೋಗಳು

ಅಳಿಸಿದ್ದು ಎಂಥ ಫೋಟೋ ಎಂದು ಗೊತ್ತಾದ ದಿನವೇ ತಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಐದು ದಿನ ಸುಮ್ಮನಿದ್ದೆ. ಆ ಐದು ದಿನವೂ ಮಾಮೂಲಿನಂತೆ ಸ್ಟುಡಿಯೋದ ಬಾಗಿಲು ತೆರೆದೆ, ಕಂಪ್ಯೂಟರಿನ ಮುಂದೆ ಕೂತೆ, ಅದೇ ಡಿಸ್ಕಿಗೆ ಹೊಸ ಫೋಟೋ ತುಂಬಿದೆ. ಅದಕ್ಕೂ ಮೊದಲು ಅವನಿಗೆ ಒಂದು ಸುಳ್ಳು ಹೇಳಿದ್ದೆ. ಎರಡನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮ ಸ್ಟುಡಿಯೋ ಮೂಡುಬಿದಿರೆಯ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದೇ ಕೋಣೆಯದ್ದು. ಫೋಟೋ ತೆಗೆಯುವವನು ತಮ್ಮ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು. ಕುತ್ತಿಗೆ ನೋವು ಜೋರಾಗಿ ಬೀಡಿ ಕಟ್ಟುವ ಮೊರ, ನಮ್ಮ ಸೂಪು, ಮಡಿಲಲ್ಲಿಟ್ಟು ಕೂರಲಾಗದೆ ಹೋದಾಗ ಅವನೇ ಕರೆದು ಕಂಪ್ಯೂಟರ್ ಕಲಿಸಿದ. ಕ್ಯಾಮೆರಾದ ಕಾರ್ಡಿನಿಂದ ಫೋಟೋಗಳನ್ನು ಡಿಸ್ಕಿಗೆ ಹಾಕುವುದು, ಫೋಲ್ಡರಿಗೆ ಹೆಸರು ಕೊಡುವುದು, ಡಿಸ್ಕ್ ತುಂಬಿದಾಗ ಕಣ್ಣು ಮುಚ್ಚಿದ, ಕೈ ಅಲುಗಿದ, ಕತ್ತಲಾದ ಫೋಟೋಗಳನ್ನು ತೆಗೆದು ಜಾಗ ಮಾಡುವುದು ನನ್ನ ಕೆಲಸ. ಬೀಡಿ ಎಲೆ ಆರಿಸಿದ ಕೈ. ಕಪ್ಪಾದದ್ದು, ಹರಿದದ್ದು ಕಂಡರೆ ಬದಿಗೆ ತಳ್ಳುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತಮ್ಮನದ್ದು ಒಂದು ನಿಯಮ ಇತ್ತು. ಯಾವ ಕೆಲಸವೇ ಆಗಲಿ, ಎರಡು ಡಿಸ್ಕಿಗೆ ಹೋದ ಮೇಲೆಯೇ ಕಾರ್ಡ್ ಖಾಲಿ ಮಾಡುವುದು. ಒಂದು ಡಿಸ್ಕಿನ ಮೇಲೆ ಕೆಂಪು ಸ್ಟಿಕ್ಕರ್, ಇನ್ನೊಂದರ ಮೇಲೆ ಹಳದಿ. ಕೆಂಪಿಗೆ ಹಾಕು, ಹಳದಿಗೆ ಹಾಕು, ನನಗೆ ಹೇಳು, ಆಮೇಲೆ ಕಾರ್ಡ್ ನನ್ನದು ಎನ್ನುತ್ತಿದ್ದ.

ಅಳದಂಗಡಿಯ ಹತ್ತಿರದ ಒಂದು ಜೈನರ ಮನೆಯಲ್ಲಿ ತಾಳೆಗರಿಯ ಕಟ್ಟೊಂದಿತ್ತು. ನೂರ ನಲವತ್ತಾರು ಗರಿ. ವರ್ಷಕ್ಕೆ ಒಂದೇ ದಿನ, ಶ್ರುತಪಂಚಮಿಯಂದು, ಅದನ್ನು ಬಿಚ್ಚಿ ಗಾಳಿಗೆ ಹರಡಿ, ಧೂಳು ಒರೆಸಿ, ಪೂಜೆ ಮಾಡಿ, ಸಂಜೆ ಹೊಸ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಗೆ ಇಡುತ್ತಾರೆ. ಮತ್ತೆ ಮುಂದಿನ ಪಂಚಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಹಿಂದೆ ಯಾರೋ ಓದಿ ಕೊಡುತ್ತೇವೆಂದು ಹೊರಗೆ ಕೊಂಡುಹೋಗಿ, ಹಿಂದೆ ಬರುವಾಗ ಗರಿ ಕಡಿಮೆಯಾಗಿತ್ತಂತೆ. ಅಂದಿನಿಂದ ಆ ಕಟ್ಟು ಮನೆಯ ಹೊಸ್ತಿಲು ದಾಟಿರಲಿಲ್ಲ. ಹಳೆಯ ಲಿಪಿ ಓದಬಲ್ಲ ಪಂಡಿತರೊಬ್ಬರು ಎರಡು ವರ್ಷ ಬೆನ್ನುಬಿದ್ದ ಮೇಲೆ ಮನೆಯೊಡತಿ ಕೊನೆಗೆ ಫೋಟೋಕ್ಕೆ ಒಪ್ಪಿದರು. ಷರತ್ತು ಇಷ್ಟೇ: ಪಂಚಮಿಯ ಹಗಲು ಮಾತ್ರ, ಅವರ ಕಣ್ಣೆದುರೇ, ಒಂದೇ ಸಲ. ಗರಿಗಳ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಇನ್ನೊಮ್ಮೆ ತಿರುವಿ ಹಾಕಿದರೆ ಉಳಿಯುತ್ತದೋ ಇಲ್ಲವೋ ಎಂಬ ಭಯ ಅವರಿಗಿತ್ತು. ತಮ್ಮ ಮಾತು ಕೊಟ್ಟ. ಒಂದೇ ಸಲ ಸಾಕು ಅಮ್ಮ, ಎರಡನೇ ಸಲ ಬಿಚ್ಚಿ ಎಂದು ಕೇಳುವುದಿಲ್ಲ ಎಂದ.

ಆ ದಿನ ಬೆಳಿಗ್ಗೆ ಹೋದವನು ಸಂಜೆ ಸೋತು ಸುಣ್ಣವಾಗಿ ಬಂದ. ಒಂದೊಂದು ಗರಿಗೂ ಎರಡು ಬದಿ, ಒಂದೊಂದು ಬದಿಗೂ ಎರಡು ಫೋಟೋ. ಒಟ್ಟು ಐನೂರ ಎಂಬತ್ತನಾಲ್ಕು, ಎಲ್ಲವೂ ದೊಡ್ಡ ಫೈಲುಗಳು. ಪ್ರತಿ ಫೋಟೋದ ಮೂಲೆಯಲ್ಲೂ ಗರಿಯ ಸಂಖ್ಯೆ ಬರೆದ ಚಿಕ್ಕ ಚೀಟಿ ಇಟ್ಟಿದ್ದ. ಕಾರ್ಡನ್ನು ನನ್ನ ಕೈಗೆ ಕೊಟ್ಟು, ಜೋಪಾನ, ಮರುದಿನ ಬೆಳಿಗ್ಗೆ ಒಂದು ನಿಶ್ಚಿತಾರ್ಥಕ್ಕೆ ಇದೇ ಕಾರ್ಡ್ ಬೇಕು ಎಂದು ಹೇಳಿ ಮನೆಗೆ ಹೋದ.

ನಾನು ಕೆಂಪು ಡಿಸ್ಕಿಗೆ ಹಾಕಿದೆ. ಹಳದಿಗೆ ಹಾಕಲು ಹೋದರೆ ಜಾಗ ಸಾಲದು ಎಂದು ಬಂತು. ಅದರಲ್ಲಿದ್ದ ಹಳೆಯ ಮದುವೆಗಳನ್ನು ನೋಡಿ, ಆರಿಸಿ, ಜಾಗ ಮಾಡಬೇಕಿತ್ತು. ನಾಳೆ ಮಾಡುವ ಎಂದುಕೊಂಡೆ. ಬೆಳಿಗ್ಗೆ ತಮ್ಮ ಬೈಕ್ ಆಫ್ ಮಾಡದೆ ಬಾಗಿಲಲ್ಲೇ ನಿಂತು ಕೇಳಿದ.

"ಅಕ್ಕ, ಎರಡಕ್ಕೂ ಹಾಕಿದ್ದೀಯಲ್ಲ?"

"ಹಾಕಿದ್ದೇನೆ."

ಅವನು ನನ್ನ ಎದುರೇ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ಖಾಲಿ ಮಾಡಿಕೊಂಡು ಹೋದ. ಮಧ್ಯಾಹ್ನದೊಳಗೆ ಹಳದಿಗೆ ಹಾಕಿಬಿಟ್ಟರೆ ನಾನು ಹೇಳಿದ್ದು ನಿಜವೇ ಆಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಧ್ಯಾಹ್ನ ಪಾಸ್‌ಪೋರ್ಟ್ ಫೋಟೋದವರು ಬಂದರು. ಮರುದಿನ ಕರೆಂಟ್ ಇರಲಿಲ್ಲ. ಶುಭಕಾರ್ಯ ಮಾಡದ ಆಟಿ ತಿಂಗಳು ಬರುವ ಮೊದಲಿನ ಮದುವೆಗಳು ಒಂದರ ಮೇಲೊಂದು ಇದ್ದವು. ನಾನು ಹೇಳಿದ ಸುಳ್ಳು ಸುಳ್ಳಾಗಿಯೇ ಉಳಿಯಿತು.

ಮೂರನೇ ದಿನ ಕೆಂಪು ಡಿಸ್ಕ್ ಕೂಡ ತುಂಬಿತು. ವೇಣೂರಿನ ಒಂದು ಮದುವೆಯ ವಿಡಿಯೋ ಹಾಕಬೇಕಿತ್ತು. ಊಟ ಮುಗಿಸಿ ಬಂದು ಕೆಟ್ಟ ಫೋಟೋ ಆರಿಸಲು ಕೂತೆ. ತಾಳೆಗರಿಯ ಫೋಲ್ಡರ್ ತೆರೆದರೆ ಒಂದು ಚೆಂದದ ಫೋಟೋ, ಒಂದು ಕಪ್ಪು ಫೋಟೋ, ಮತ್ತೆ ಒಂದು ಚೆಂದದ್ದು, ಮತ್ತೆ ಒಂದು ಕಪ್ಪು. ಚೆಂದದ್ದರಲ್ಲಿ ಗರಿ ಹೊನ್ನಿನ ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಕಪ್ಪಿನದ್ದರಲ್ಲಿ ಅರ್ಧ ಗರಿ ನೆರಳು, ಉಳಿದರ್ಧ ಗೀರುಗೀರು. ಒಂದು ಬದಿಗೆ ಎರಡೆರಡು ತೆಗೆದು ಒಳ್ಳೆಯದನ್ನು ಇಟ್ಟುಕೊಳ್ಳಲು ಬಿಟ್ಟಿದ್ದಾನೆ ಎಂದುಕೊಂಡೆ. ಮದುವೆಯಲ್ಲಿ ಅವನು ಹಾಗೆಯೇ ಮಾಡುತ್ತಿದ್ದ. ಒಂದು ಬಿಟ್ಟು ಒಂದು ಒತ್ತುತ್ತಾ ಹೋದೆ. ಇನ್ನೂರ ತೊಂಬತ್ತೆರಡು ಫೋಟೋ. ಕಸದ ಬುಟ್ಟಿಗೂ ಹೋಗದಂತೆ ಶಾಶ್ವತವಾಗಿ ಅಳಿಸುವ ಕೀಲಿ ಒತ್ತಿದೆ, ಯಾಕೆಂದರೆ ಬುಟ್ಟಿಗೆ ಹೋದರೆ ಜಾಗ ಆಗುವುದಿಲ್ಲ. ಹದಿಮೂರು ಜಿಬಿಯಷ್ಟು ಖಾಲಿಯಾಯಿತು. ಬೇರೆ ಕಡೆಯದ್ದನ್ನೂ ಸ್ವಲ್ಪ ತೆಗೆದು ವೇಣೂರಿನ ವಿಡಿಯೋ ಹಾಕಿದೆ.

ಮರುದಿನ ತಮ್ಮ ಚಾ ಕುಡಿಯುತ್ತಾ ಹೇಳಿದ: "ಅಕ್ಕ, ತಾಳೆಗರಿಯಲ್ಲಿ ಓರೆ ಬೆಳಕಿನದ್ದು ಮಾತ್ರ ಬೇರೆ ಫೋಲ್ಡರಿಗೆ ಹಾಕಿಡು. ಪಂಡಿತರಿಗೆ ಅದು ಮಾತ್ರ ಸಾಕು."

ಓರೆ ಬೆಳಕಿನದ್ದು ಎಂದರೆ ಯಾವುದು ಎಂದು ಕೇಳಿದೆ. ನನ್ನ ದನಿ ಸರಿಯಾಗಿಯೇ ಇತ್ತು.

"ಕಪ್ಪಗೆ ಕಾಣುವುದು ಉಂಟಲ್ಲ, ಅದು. ಗರಿಯ ಮಸಿ ಪೂರ್ತಿ ಹೋಗಿದೆ ಮಾರಾಯ್ತಿ. ಕಬ್ಬಿಣದ ಕಂಟದ ಮೊನೆಯಲ್ಲಿ ಕೊರೆದ ಗೀರು ಮಾತ್ರ ಉಳಿದದ್ದು. ನೇರ ಬೆಳಕು ಹಾಕಿದರೆ ಎಂತದೂ ಕಾಣುವುದಿಲ್ಲ. ಬದಿಯಿಂದ, ತಗ್ಗಿನಿಂದ ಬೆಳಕು ಬಿಟ್ಟರೆ ಗೀರಿನ ಒಳಗೆ ನೆರಳು ಬಿದ್ದು ಅಕ್ಷರ ಏಳ್ತದೆ."

"ಆಯಿತು, ಹಾಕಿಡ್ತೇನೆ," ಎಂದೆ.

ಅವನು ಹೋದ ಮೇಲೆ ಉಳಿದ ಫೋಟೋಗಳನ್ನು ತೆರೆದು ದೊಡ್ಡದು ಮಾಡಿ ನೋಡಿದೆ. ಹೊನ್ನಿನ ಬಣ್ಣದ ನುಣುಪು ಗರಿ, ಅಲ್ಲೊಂದು ಇಲ್ಲೊಂದು ಅಕ್ಷರದ ತುಂಡು. ನನಗೆ ಆ ಲಿಪಿ ಓದಲು ಬರುವುದಿಲ್ಲ. ಓದಲು ಅಲ್ಲಿ ಏನೂ ಇಲ್ಲ ಎಂದು ತಿಳಿಯಲು ಓದು ಬೇಕಾಗಿರಲಿಲ್ಲ.

ಆಗಲೇ ಫೋನ್ ಮಾಡಬಹುದಿತ್ತು. ಅಳಿಸಿದೆ ಎಂದು ಹೇಳಿದರೆ ಅವನ ಮೊದಲ ಮಾತು, ಹಳದಿಯಲ್ಲಿ ಉಂಟಲ್ಲ ಎಂಬುದೇ ಆಗಿರುತ್ತಿತ್ತು. ಅದಕ್ಕೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಕಸದ ಬುಟ್ಟಿ ತೆರೆದೆ, ಖಾಲಿ. ಡಿಸ್ಕನ್ನು ತೆಗೆದು ಮತ್ತೆ ಸಿಕ್ಕಿಸಿದೆ. ಯಾವ ಯಾವ ಫೋಲ್ಡರಿನಲ್ಲೋ ಹುಡುಕಿದೆ. ಅವನು ಕೇಳಿದಾಗ ಒಮ್ಮೆ ಡಿಸ್ಕ್ ನಿಧಾನ ಎಂದೆ, ಒಮ್ಮೆ ಕರೆಂಟ್ ಹೋಯಿತು ಎಂದೆ. ಪಂಡಿತರು ಎರಡು ಸಲ ಫೋನ್ ಮಾಡಿದರು. "ಅಕ್ಕನಿಗೆ ಸ್ವಲ್ಪ ಕೆಲಸ ಜಾಸ್ತಿ, ನಾಳೆ ಕಳಿಸ್ತೇನೆ," ಎಂದು ತಮ್ಮ ನನ್ನ ಪರವಾಗಿ ಅವರಿಗೆ ಹೇಳುವುದನ್ನು ಅದೇ ಕೋಣೆಯಲ್ಲಿ ಕೂತು ಕೇಳಿದೆ. ಈ ನಡುವೆ ಅವನು ತಂದುಕೊಟ್ಟ ಕಾರ್ಡುಗಳನ್ನೆಲ್ಲ ಕೆಂಪು ಡಿಸ್ಕಿಗೆ ಹಾಕುತ್ತಲೇ ಇದ್ದೆ. ಹಾಕದಿದ್ದರೆ ಯಾಕೆ ಎಂದು ಕೇಳುತ್ತಾನಲ್ಲ.

ಗೊತ್ತಾದ ಆರನೇ ದಿನ ಬೆಳಿಗ್ಗೆ ಬ್ಯಾಂಕಿನ ಕೆಲಸ ಉಂಟೆಂದು ಹೇಳಿ, ಡಿಸ್ಕನ್ನು ಸೀರೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂಟ್ವಾಳದ ಬಸ್ ಹತ್ತಿದೆ. ಅಲ್ಲಿಯ ಬಿ.ಸಿ. ರೋಡಿನಲ್ಲಿ, ಅಳಿಸಿಹೋದ ಫೋಟೋಗಳನ್ನು ಮತ್ತೆ ಹುಡುಕಿಕೊಡುವ ಅಂಗಡಿಯೊಂದಿದೆ ಎಂದು ಗಿರಾಕಿಯೊಬ್ಬರು ಯಾವಾಗಲೋ ಹೇಳಿದ್ದು ನೆನಪಿತ್ತು. ಮೇಲಿನ ಮಾಳಿಗೆಯಲ್ಲಿ ಆ ಅಂಗಡಿ. ಬಿಳಿ ಟೋಪಿ ಹಾಕಿಕೊಂಡ, ನನಗಿಂತ ಚಿಕ್ಕ ವಯಸ್ಸಿನ ಒಬ್ಬರು ಮೊಬೈಲೊಂದನ್ನು ಬಿಚ್ಚಿಟ್ಟುಕೊಂಡಿದ್ದರು. ನಾನು ಹೇಳುವುದನ್ನು ತಲೆ ಎತ್ತದೆ ಕೇಳಿ, ಕೊನೆಗೆ ತಲೆ ಎತ್ತಿದರು.

"ಅಳಿಸಿದ ಮೇಲೆ ಇದಕ್ಕೆ ಎಂತಾದರೂ ಹಾಕಿದ್ದೀರಾ ಅಕ್ಕ?"

ಹಾಕಿದ್ದೇನೆ ಎಂದೆ. ಎಷ್ಟು ಎಂದರು. ಒಂದು ಮದುವೆಯ ವಿಡಿಯೋ, ಇನ್ನೊಂದು ಮದುವೆ, ಒಂದು ಗೃಹಪ್ರವೇಶ, ಒಂದು ಶಾಲೆಯ ಗ್ರೂಪ್ ಫೋಟೋ.

ಅವರು ನಿಟ್ಟುಸಿರು ಬಿಟ್ಟರು. "ನೋಡಿ, ಅಳಿಸುವುದು ಅಂದರೆ ಬಸ್ಸಿನ ಸೀಟಿಗೆ ಹಾಕಿದ ಟವೆಲ್ ತೆಗೆದ ಹಾಗೆ. ಟವೆಲ್ ಹೋಯಿತು, ಕೂತವರು ಎದ್ದಿರುವುದಿಲ್ಲ. ಬೇರೆಯವರು ಬಂದು ಅವರ ಮೇಲೆಯೇ ಕೂತಾಗ ಎದ್ದು ಹೋಗುವುದು. ನೀವು ಇಡೀ ದಿಬ್ಬಣವನ್ನೇ ಹತ್ತಿಸಿದ್ದೀರಿ."

"ಮೊದಲ ದಿನವೇ ತಂದಿದ್ದರೆ?"

"ಮೊದಲ ದಿನವಾದರೆ ಹೆಚ್ಚಿನದ್ದೆಲ್ಲ ಸಿಗ್ತಿತ್ತು ಅಂತ ಕಾಣ್ತದೆ," ಎಂದರು. ಬೇಕೆಂದು ಚುಚ್ಚಿದ ಮಾತಲ್ಲ. ಕೇಳಿದ್ದಕ್ಕೆ ಉತ್ತರ ಅಷ್ಟೇ.

ಡಿಸ್ಕನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿದರು. ಅದಕ್ಕೆ ಹೊಸದೇನೂ ಬರೆಯದಂತೆ ಮೊದಲು ತಡೆ ಹಾಕಿ, ಆಮೇಲೆ ಹುಡುಕಲು ಬಿಟ್ಟರು. ಪರದೆಯ ಮೇಲೆ ಹಸಿರು ಗೆರೆ ಇಂಚಿಂಚಾಗಿ ಹೋಗುತ್ತಿತ್ತು. ಸಿಕ್ಕಿದ ಫೋಟೋಗಳು ಹೆಸರು ಕಳೆದುಕೊಂಡು ಬರೀ ಸಂಖ್ಯೆಗಳಾಗಿ ಬರುತ್ತಿದ್ದವು. ಕೆಲವು ಪೂರ್ತಿ ಇದ್ದವು. ಕೆಲವು ಅರ್ಧ ಗರಿ, ಅರ್ಧ ಬೂದಿ ಬಣ್ಣ. ಒಂದರಲ್ಲಿ ಕಪ್ಪು ಗರಿ ಅರ್ಧಕ್ಕೆ ನಿಂತು ಕೆಳಗೆಲ್ಲ ಬಣ್ಣಬಣ್ಣದ ಗೆರೆ. ಕಾಲು ಭಾಗ ಮುಗಿದಾಗ ಅವರೇ ಹೇಳಿದರು, ಎಲ್ಲ ಸಿಗುವುದಿಲ್ಲ, ಅರ್ಧದ ಮೇಲೆ ಸಿಕ್ಕಿದರೆ ಪುಣ್ಯ ಎಂದು. ಆಮೇಲೆ ಏನೋ ಹೊಳೆದವರಂತೆ ಕೇಳಿದರು.

"ಇದನ್ನು ತೆಗೆದ ಕಾರ್ಡ್ ಎಲ್ಲಿ ಉಂಟು?"

ತಮ್ಮನ ಹತ್ತಿರ ಎಂದೆ. ಅದನ್ನು ಮರುದಿನವೇ ಖಾಲಿ ಮಾಡಿದ್ದಾನೆ, ಆಮೇಲೆ ಅದರಲ್ಲಿ ಒಂದು ನಿಶ್ಚಿತಾರ್ಥ, ಒಂದು ಗೃಹಪ್ರವೇಶ ತೆಗೆದಿದ್ದಾನೆ ಎಂದೆ.

"ಅದೂ ಟವೆಲ್ಲಿನ ಕಥೆಯೇ. ಸಾಮಾನ್ಯಕ್ಕೆ ಕಾರ್ಡ್ ಪ್ರತಿ ಸಲ ಮೊದಲಿನಿಂದ ತುಂಬ್ತಾ ಬರ್ತದೆ. ಆ ಎರಡೂ ಚಿಕ್ಕ ಕೆಲಸ ಆಗಿದ್ದರೆ ಮುಂದಿನ ಸೀಟು ಮಾತ್ರ ಹೋಗಿದೆ. ಹಿಂದಿನ ಸೀಟಿನವರು, ಅಂದರೆ ಕೊನೆಕೊನೆಗೆ ತೆಗೆದದ್ದು, ಇರಬಹುದು. ಈಗ ಆ ಕಾರ್ಡಿನಲ್ಲಿ ಫೋಟೋ ತೆಗೆಯಬಾರದು. ಅವರು ಎಲ್ಲಿದ್ದಾರೆ?"

ತಮ್ಮ ಸಿದ್ಧಕಟ್ಟೆಯ ಕಲ್ಯಾಣ ಮಂಟಪದಲ್ಲಿ ದೊಡ್ಡ ಮದುವೆಯೊಂದನ್ನು ತೆಗೆಯುತ್ತಿದ್ದ. ಅದೇ ಕಾರ್ಡ್. ಬೆಳಿಗ್ಗೆ ನಾನೇ ಕ್ಯಾಮೆರಾದ ಚೀಲಕ್ಕೆ ಹಾಕಿ ಕೊಟ್ಟಿದ್ದೆ. ಗಡಿಯಾರ ನೋಡಿದೆ. ಮುಹೂರ್ತಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಮುಹೂರ್ತ ಆದ ಮೇಲೆ ಗ್ರೂಪ್ ಫೋಟೋ ಶುರುವಾದರೆ ಅವನ ಬೆರಳು ನಿಲ್ಲುವುದಿಲ್ಲ.

ಮೆಟ್ಟಿಲಿಗೆ ಬಂದು ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತದೆ ಇರಲಿ ಎಂದು ಮನಸ್ಸಿನ ಒಂದು ಮೂಲೆ ಬಯಸುತ್ತಿತ್ತು, ಅದನ್ನೂ ಬರೆಯಬೇಕು. ನಾಲ್ಕನೇ ಸಲಕ್ಕೆ ಎತ್ತಿದ. ಹಿಂದೆ ವಾಲಗದ ಸದ್ದು.

"ಎಂತ ಅಕ್ಕ? ಬೇಗ ಹೇಳು."

"ಕ್ಯಾಮೆರಾದಿಂದ ಕಾರ್ಡ್ ತೆಗೆ. ಇನ್ನೊಂದು ಹಾಕು. ಈಗಲೇ."

"ಯಾಕೆ?"

"ತಾಳೆಗರಿಯ ಕಪ್ಪು ಫೋಟೋ ಎಲ್ಲ ನಾನು ಅಳಿಸಿದ್ದೇನೆ. ಆ ಕಾರ್ಡಿನಲ್ಲಿ ಸ್ವಲ್ಪ ಉಳಿದಿರಬಹುದಂತೆ."

"ಹಳದಿಯಲ್ಲಿ ಉಂಟಲ್ಲ," ಎಂದ.

"ಇಲ್ಲ. ಹಳದಿಗೆ ನಾನು ಹಾಕಲೇ ಇಲ್ಲ."

ಅವನು ಫೋನ್ ಇಟ್ಟ. ತೆಗೆದನೋ, ತೆಗೆಯದೆ ಮುಂದುವರಿಸಿದನೋ ಗೊತ್ತಾಗಲಿಲ್ಲ. ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಸಿದ್ಧಕಟ್ಟೆಯ ಬಸ್ಸಿಗೆ ಓಡಿದೆ. ಮಂಟಪದ ಹಿಂಬಾಗಿಲಲ್ಲಿ, ಅಡಿಗೆಯವರ ದೊಡ್ಡ ಪಾತ್ರೆಗಳ ಪಕ್ಕ, ತಮ್ಮ ಹೊರಗೆ ಬಂದ. ಕಾರ್ಡನ್ನು ಮದುವೆಯ ಕಾಗದದ ತುಂಡಿನಲ್ಲಿ ಮಡಚಿ ಇಟ್ಟುಕೊಂಡಿದ್ದ. ಬೆಳಿಗ್ಗೆಯಿಂದ ಅದರಲ್ಲಿ ಇನ್ನೂರು ಫೋಟೋ ತೆಗೆದಾಗಿತ್ತು. ಅವು ಕೂಡ ಹೋದರೆ ಆ ಮದುವೆಯವರಿಗೆ ಉತ್ತರ ಹೇಳಬೇಕಾದವನೂ ಅವನೇ. ನನ್ನ ಮುಖ ನೋಡಲಿಲ್ಲ. "ಇದನ್ನು ಯಾವುದಕ್ಕೂ ಸಿಕ್ಕಿಸಬೇಡ. ಅವರ ಕೈಗೇ ಕೊಡು," ಎಂದು ಒಳಗೆ ಹೋದ. ಬೈಯುತ್ತಾನೆಂದು ಸಿದ್ಧಳಾಗಿ ಹೋಗಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

ಮತ್ತೆ ಬಿ.ಸಿ. ರೋಡಿಗೆ ಬಂದೆ. ಅಷ್ಟರಲ್ಲಿ ಡಿಸ್ಕಿನ ಕೆಲಸ ಮುಗಿಯುತ್ತಾ ಬಂದಿತ್ತು. ನೂರ ಎಪ್ಪತ್ತೊಂದು ಫೋಟೋ ಪೂರ್ತಿಯಾಗಿ ಸಿಕ್ಕಿದ್ದವು. ಕಾರ್ಡಿನಿಂದ ಮೊದಲು ಆ ದಿನದ ಮದುವೆಯ ಇನ್ನೂರನ್ನು ತೆಗೆದು ಬೇರೆ ಇಟ್ಟರು. ಆಮೇಲೆ ಹುಡುಕಲು ಬಿಟ್ಟರು. ಮೊದಲಿಗೆ ಯಾರದೋ ಉಂಗುರ, ಯಾರದೋ ಹೊಸ ಮನೆಯ ಹಾಲು ಉಕ್ಕುವ ಪಾತ್ರೆ ಬಂದವು. ಬಹಳ ಹೊತ್ತು ಅವೇ. ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ನೋಡುವಾಗ ಪರದೆಯ ಮೇಲೆ ಒಂದು ಕಪ್ಪು ಗರಿ ಇತ್ತು. ಮೂಲೆಯ ಚೀಟಿಯಲ್ಲಿ ತಮ್ಮನ ಕೈಬರಹ: ಅರವತ್ತನಾಲ್ಕು.

ಡಿಸ್ಕಿನಲ್ಲಿ ಸಿಗದ ಎಂಬತ್ತಮೂರು ಆ ಕಾರ್ಡಿನಲ್ಲಿ ಸಿಕ್ಕಿದವು. ಅವನು ಆ ಮದುವೆಯನ್ನು ಅದೇ ಕಾರ್ಡಿನಲ್ಲಿ ಮುಗಿಸಿದ್ದರೆ ಒಂದೂ ಸಿಗುತ್ತಿರಲಿಲ್ಲ ಎಂದು ಅಂಗಡಿಯವರು ಹೇಳಿದರು.

ಮುಂದಿನ ಎರಡು ದಿನ ನಾನು ಚೀಟಿ ನೋಡಿ ನೋಡಿ ಫೋಟೋಗಳಿಗೆ ಹೆಸರು ಕೊಟ್ಟೆ. ಗರಿ ಇಷ್ಟು, ಬದಿ ಒಂದು. ಗರಿ ಇಷ್ಟು, ಬದಿ ಎರಡು. ಒಂದು ಹೊಸ ಡಿಸ್ಕ್ ತಂದು, ಹಳದಿಯಲ್ಲೂ ಜಾಗ ಮಾಡಿ, ಎರಡಕ್ಕೂ ಹಾಕಿದೆ, ತಮ್ಮನನ್ನು ಕರೆದು ಎರಡನ್ನೂ ಅವನ ಎದುರೇ ತೆರೆದು ತೋರಿಸಿದೆ. ಅವನು ಎಣಿಸಿ ನೋಡಿ ತಲೆಯಾಡಿಸಿದ. ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದ. ನಾನೂ ಅಷ್ಟೇ. ನಮ್ಮ ಮನೆಗಳಲ್ಲಿ ಅಕ್ಕ ತಮ್ಮನ ಹತ್ತಿರ ತಪ್ಪಾಯಿತು ಎಂದು ಹೇಳುವ ರೂಢಿ ಇಲ್ಲ. ಊಟ ಬಡಿಸಿ, ಚಾ ಮಾಡಿ ಕೊಟ್ಟು, ಹಾಗೆಯೇ ಸರಿಹೋಗುತ್ತದೆ ಎಂದು ಬಿಡುವುದು. ನಾನು ಮೂರು ಸಲ ಚಾ ಮಾಡಿ ಕೊಟ್ಟೆ. ಕುಡಿದ.

ಮೂವತ್ತೆಂಟು ಬದಿಗಳು ಎಲ್ಲಿಯೂ ಸಿಗಲಿಲ್ಲ. ಪಂಡಿತರು ನೇರ ಬೆಳಕಿನ ಫೋಟೋಗಳನ್ನು ಹಿಗ್ಗಿಸಿ ನೋಡಿ ಅಲ್ಲಲ್ಲಿ ಒಂದೊಂದು ಸಾಲು ಹಿಡಿದರು. ಉಳಿದದ್ದು ಆಗುವುದಿಲ್ಲ, ಗರಿಯನ್ನೇ ನೋಡಬೇಕು ಎಂದರು. ಹಾಗಾದರೆ ಆ ಮನೆಗೆ ಹೋಗಿ ಹೇಳಲೇಬೇಕಿತ್ತು. ನೀನು ಬರುವುದು ಬೇಡ, ಮಾತು ಕೊಟ್ಟವನು ನಾನು ಎಂದ ತಮ್ಮ. ನಾನು ಸಿಗದ ಮೂವತ್ತೆಂಟರ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು, ಕೇಳದೆ ಬೈಕಿನ ಹಿಂದೆ ಕೂತೆ. ವೇಣೂರು ದಾಟಿ ಅಳದಂಗಡಿ ಮುಟ್ಟಿದೆವು.

ಮನೆಯೊಡತಿ ಜಗಲಿಯಲ್ಲಿ ಕುರ್ಚಿ ಹಾಕಿಸಿ, ನೀರು ಬೆಲ್ಲ ಕೊಟ್ಟರು. ಫೋಟೋ ಹೇಗೆ ಬಂದಿದೆ ಎಂದು ಕೇಳಿದರು. ಅವರಿಗೆ ಅದು ನೋಡುವ ಆಸೆ ಇತ್ತು, ಕನ್ನಡಕ ತರಿಸಿಕೊಂಡಿದ್ದರು. ತಮ್ಮ ಎದ್ದು ನಿಂತ.

"ಅಮ್ಮ, ಮೂವತ್ತೆಂಟು ಬದಿ ಹೋಗಿದೆ. ನನ್ನ ಕೈಯಿಂದಲೇ ಆದದ್ದು. ಡಿಸ್ಕ್ ಕೈಕೊಟ್ಟಿತು."

ಅವರು ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡರು. ದನಿ ಏರಿಸಲಿಲ್ಲ. "ಒಂದೇ ಸಲ ಸಾಕು ಅಂತ ನೀವೇ ಹೇಳಿದ್ದಲ್ವಾ? ನಮ್ಮ ಅತ್ತೆ ಇದ್ದಿದ್ದರೆ ಬಿಚ್ಚಲಿಕ್ಕೇ ಬಿಡ್ತಿರಲಿಲ್ಲ. ನಿಮ್ಮ ಮಾತು ನಂಬಿ ನಾನು ಬಿಚ್ಚಿದ್ದು."

"ಹೌದಮ್ಮ," ಎಂದ ತಮ್ಮ. ನನ್ನ ಕಡೆ ತಿರುಗಲಿಲ್ಲ. ಇಪ್ಪತ್ತು ವರ್ಷ ಸಂಪಾದಿಸಿದ ಹೆಸರನ್ನು ಅವನು ನನಗಾಗಿ ಆ ಜಗಲಿಯಲ್ಲಿ ಬಿಟ್ಟುಕೊಟ್ಟು ನಿಂತಿದ್ದ. ನಾನು ಸುಮ್ಮನಿದ್ದರೆ ಅದು ಹಾಗೆಯೇ ಮುಗಿಯುತ್ತಿತ್ತು.

ನಾನು ಎದ್ದು ಹಾಳೆಯನ್ನು ಅವರ ಕೈಗೆ ಕೊಟ್ಟೆ. ಯಾವ ಯಾವ ಗರಿ ಎಂದು ಇದರಲ್ಲಿ ಬರೆದಿದ್ದೇನೆ, ಡಿಸ್ಕ್ ಕೈಕೊಟ್ಟದ್ದಲ್ಲ, ಅಳಿಸಿದವಳು ನಾನು ಎಂದೆ. ಕಪ್ಪಗಿದ್ದದ್ದಕ್ಕೆ ಕೆಟ್ಟದ್ದು ಎಂದುಕೊಂಡದ್ದನ್ನು ಹೇಳಿದೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. ತಮ್ಮ ಮೆಲ್ಲಗೆ, ಬಿಡು ಅಕ್ಕ ಎಂದ.

ಬಿಡಲಿಲ್ಲ. ಅವನ ಕಡೆಗೆ ತಿರುಗಿದೆ. ಅಷ್ಟು ದಿನದಿಂದ ಚಾದ ಲೋಟದ ಜೊತೆ ಕೊಡಲಾಗದೆ ಉಳಿದಿದ್ದ ಮಾತು, ಅವರ ಎದುರೇ, ದೊಡ್ಡ ದನಿಯಲ್ಲಿ ಬಂತು.

"ಎರಡಕ್ಕೂ ಹಾಕಿದ್ದೇನೆ ಅಂತ ನಿನಗೆ ಸುಳ್ಳು ಹೇಳಿದೆ. ಗೊತ್ತಾದ ಮೇಲೂ ಐದು ದಿನ ಬಾಯಿ ಮುಚ್ಚಿ ಕೂತೆ. ಆಗಲೇ ಹೇಳಿದ್ದರೆ ಎಷ್ಟೋ ಉಳಿಯುತ್ತಿತ್ತು. ನನ್ನಿಂದ ತಪ್ಪಾಯಿತು ಮಾರಾಯ. ನನ್ನನ್ನು ಕ್ಷಮಿಸು."